ಉಂಗುರ ಎಣಿಸುವ ಊರಲ್ಲಿ

ಬಾಸ್ಟನ್ ಕಡೆ ಮನೆ ಮಾಡಿಕೊಂಡವರು, ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಪೇಟ್ರಿಯಟ್ಸ್‌ಗೆ ಆಡಿದ ಟಾಮ್ ಬ್ರೇಡಿ ಬಗ್ಗೆ ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸಬೇಕು. ನಾನು ಯೋಚಿಸಲಿಲ್ಲ. ‘ಎಲ್ಲರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಅವನೇ ಅಂತ ಹೇಗೆ ಹೇಳ್ತೀರಿ?’ ಅಂತ ಪಕ್ಕದ ಮನೆಯವರನ್ನು ಸುಮ್ನೆ ಕೇಳಿದೆ. (ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನು.) ಅವರು ಹಿಮ ಎತ್ತುತ್ತಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿ, ಕೈಗವಸು ತೆಗೆದು, ಏಳು ಬೆರಳು ತೋರಿಸಿದರು. ಸೂಪರ್ ಬೌಲ್ ಅಂದರೆ ಲೀಗಿನ ಫೈನಲ್, ಗೆದ್ದವರಿಗೆ ಉಂಗುರ. ಏಳು ಸೂಪರ್ ಬೌಲ್, ಏಳು ಉಂಗುರ. ವಾದ ಮುಗೀತು.

ನಾನು ಬೇರೆ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ತೆಗೆದೆ. ಜೋ ಮೊಂಟಾನಾ ನಾಲ್ಕು ಫೈನಲ್ ಆಡಿ ನಾಲ್ಕನ್ನೂ ಗೆದ್ದ, ಒಂದೇ ಒಂದು ಪಾಸನ್ನೂ ಎದುರಾಳಿಗೆ ಒಪ್ಪಿಸಲಿಲ್ಲ. ಬ್ರೇಡಿ ಹತ್ತರಲ್ಲಿ ಮೂರು ಸೋತ. ಪೇಟನ್ ಮ್ಯಾನಿಂಗ್ ಐದು ಸಲ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ, ಬ್ರೇಡಿ ಮೂರೇ ಸಲ. ಏನು ಹೇಳಿದರೂ ಅದೇ ಏಳು ಬೆರಳು.

ಆದರೆ ಆ ಉಂಗುರ ಅವನೊಬ್ಬನದಾ? 2002ರ ಫೈನಲ್ ಕೊನೇ ಗಳಿಗೆಯಲ್ಲಿ ಗೆಲ್ಲಿಸಿದ್ದು ಚೆಂಡು ಒದೆಯುವ ಆಟಗಾರ ವಿನಾಟಿಯೆರಿಯ ಕಾಲು. 2015ರಲ್ಲಿ ಸಿಯಾಟಲ್‌ನವರ ಪಾಸನ್ನು ಗೋಲ್ ಗೆರೆ ಹತ್ತಿರ ಕಸಿದುಕೊಂಡು ಮಾನ ಉಳಿಸಿದ್ದು ರಕ್ಷಣಾ ಆಟಗಾರ ಬಟ್ಲರ್. ಆಗ ಬ್ರೇಡಿ ಮೈದಾನದ ಆಚೆ ನಿಂತು ನೋಡುತ್ತಿದ್ದ. ಚೆಂಡು ಎದುರಾಳಿ ಕೈಯಲ್ಲಿರುವಾಗ ಕ್ವಾರ್ಟರ್‌ಬ್ಯಾಕ್‌ಗೆ ಕೆಲಸವೇ ಇಲ್ಲ. ಊರಿಂದ ಬಂದಿದ್ದ ಅಪ್ಪ ಟಿವಿ ನೋಡುತ್ತಾ ಕೇಳಿದ್ದರು: “ಇವನು ಫೀಲ್ಡಿಂಗೇ ಮಾಡಲ್ವೇನೋ?”

ಅಪ್ಪನ ಅಳತೆ ಬೇರೆ. ಗಾವಸ್ಕರ್ ರನ್ ಜಾಸ್ತಿ ಅಲ್ವಾ ಅಂದರೆ, ‘ಇರಲಿ ಬಿಡು’ ಅನ್ನುತ್ತಾರೆ. ಆಮೇಲೆ ಶುರು. ಭದ್ರಾವತಿಯ ವಿಶ್ವನಾಥ್, 1975, ಚೆಪಾಕ್, ಆ ಕಡೆಯಿಂದ ವೆಸ್ಟ್ ಇಂಡೀಸ್ ವೇಗಿ ಆಂಡಿ ರಾಬರ್ಟ್ಸ್. ತಂಡದ ಮೊತ್ತ 190, ಅದರಲ್ಲಿ ವಿಶಿಯದೇ ಔಟಾಗದೆ 97. ನೂರೂ ಆಗಲಿಲ್ಲ! ಆದರೂ ನಮ್ಮ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ಯಾರ ಇನ್ನೂರಕ್ಕೂ ಇಲ್ಲ. ಸ್ಕ್ವೇರ್ ಕಟ್ ಮಾತು ಬಂದರೆ ಅಪ್ಪನ ಮಣಿಕಟ್ಟು ತಾನಾಗೇ ತಿರುಗುತ್ತದೆ, ಕೈಯಲ್ಲಿ ಕಾಫಿ ಲೋಟ ಇದ್ದರೂ. ಇದೂ ಒಂಥರಾ ಹುಚ್ಚೇ ಅನ್ನಿ. ಅಂಕಿ ಬಿಟ್ಟು ಅಂದಕ್ಕೆ ಮರುಳಾಗುವ ಹುಚ್ಚು.

ಅಪ್ಪನ ಅಳತೆ ಹಿಡಿದರೂ ನನ್ನ ಓಟು ಬ್ರೇಡಿಗೇ. ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸುವ 2000ದ ಡ್ರಾಫ್ಟ್‌ನಲ್ಲಿ 198 ಜನ ಆದ ಮೇಲೆ ಆಯ್ಕೆಯಾದವನು ಅನ್ನುವುದಕ್ಕಲ್ಲ. ಟ್ಯಾಂಪಾ ತಂಡಕ್ಕೆ ಹೋಗಿ 43ನೇ ವಯಸ್ಸಲ್ಲಿ ಇನ್ನೊಂದು ಉಂಗುರ ತಂದ ಅನ್ನುವುದಕ್ಕೂ ಅಲ್ಲ. 2017ರ ಫೆಬ್ರವರಿಯ ಒಂದು ಫೈನಲ್ ರಾತ್ರಿಗೆ. ಪಕ್ಕದ ಮನೆಯಲ್ಲೇ ಕೂತು ನೋಡುತ್ತಿದ್ದೆ. ಅಟ್ಲಾಂಟಾ 28, ನಮ್ಮವರು 3. ಇನ್ನೇನು ನೋಡೋದು, ಬೆಳಿಗ್ಗೆ ಆಫೀಸಿದೆ ಅಂತ ಎದ್ದು ಬಂದೆ. ಹಲ್ಲುಜ್ಜುವಾಗ ಆ ಕಡೆಯಿಂದ ಒಂದು ಕೂಗು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಾಯಲ್ಲಿ ಪೇಸ್ಟ್ ಇಟ್ಟುಕೊಂಡೇ ಟಿವಿ ಹಾಕಿದೆ. ಆಮೇಲೆ ಮಲಗಿದ್ದು 34-28 ಆದ ಮೇಲೆಯೇ.

ಬೆಳಿಗ್ಗೆ ಪಕ್ಕದ ಮನೆಯವರು ಗೇಟ್ ಹತ್ತಿರ ಸಿಕ್ಕರು. ಗುಡ್ ಮಾರ್ನಿಂಗ್ ಕೂಡ ಇಲ್ಲ. ಕೈ ಎತ್ತಿ ಬೆರಳು ಬಿಡಿಸಿದರು. ಆಗಿನ್ನೂ ಐದೇ.