ಸುರುಸುರು ಬತ್ತಿಗೆ ಒಂದು ಬಕೆಟ್ ನೀರು

ನಮ್ಮ ಕಡೆ ಮಗುವಿನ ಕೈಗೆ ಮೊದಲು ಸಿಗುವ ಪಟಾಕಿ ಸುರುಸುರು ಬತ್ತಿ. ಕರಾವಳಿಯವರಿಗೆ ಅದು ನಕ್ಷತ್ರಕಡ್ಡಿ. ಆನೆ ಪಟಾಕಿ ಹಚ್ಚಲು ಅಪ್ಪ ಬೇಕು, ಹೂಕುಂಡಕ್ಕೆ ಅಣ್ಣನಾದರೂ ಬೇಕು. ಸುರುಸುರು ಬತ್ತಿಯನ್ನು ಮಾತ್ರ "ಇದೇನೂ ಮಾಡಲ್ಲ, ಹಿಡ್ಕೋ ಪುಟ್ಟಾ" ಎಂದು ಅಜ್ಜಿಯೇ ಹಚ್ಚಿ ಕೊಡುತ್ತಾರೆ. ನಾನೀಗ ಇರುವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಜನ ಅದೇ ಕಡ್ಡಿಯನ್ನು ಮುಟ್ಟುವ ಮೊದಲು ಬಕೆಟ್ಟಿನಲ್ಲಿ ನೀರು ತಂದಿಡುತ್ತಾರೆ. ಈ ವಿಷಯದಲ್ಲಿ ಇಲ್ಲಿಯವರದೇ ಸರಿ ಎಂದು ನನಗೆ ಅನಿಸುತ್ತದೆ.

ಸುರುಸುರು ಬತ್ತಿಗೆ ಇಲ್ಲಿ ಸ್ಪಾರ್ಕ್ಲರ್ ಎನ್ನುತ್ತಾರೆ. ಸ್ಪಾರ್ಕ್ಲರ್ ಎಂದೊಡನೆ ನೆನಪಾಗುವುದು ನವೆಂಬರ್ 5. 1605ರಲ್ಲಿ ರಾಜನ ಸಮೇತ ಪಾರ್ಲಿಮೆಂಟನ್ನು ಉಡಾಯಿಸಲು ನೆಲಮಾಳಿಗೆಯಲ್ಲಿ ಕೂಡಿಟ್ಟಿದ್ದ 36 ಪೀಪಾಯಿ ಮದ್ದಿನ ಜೊತೆ ಗೈ ಫಾಕ್ಸ್ ಸಿಕ್ಕಿಬಿದ್ದ. ಅದರ ನೆನಪಿಗೆ ಊರೂರಲ್ಲಿ ಬೆಂಕಿ ಹಾಕುತ್ತಾರೆ. ದೀಪಾವಳಿಯೂ ಆಸುಪಾಸಿನಲ್ಲೇ ಬರುತ್ತದೆ. ಅಂಗಡಿಯಲ್ಲಿ 18 ತುಂಬದವರಿಗೆ ಸ್ಪಾರ್ಕ್ಲರ್ ಮಾರುವಂತಿಲ್ಲ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ ಎಂದು ಪೊಟ್ಟಣದ ಮೇಲೆಯೇ ಇರುತ್ತದೆ. ರಾತ್ರಿ 11ರ ಮೇಲೆ ಪಟಾಕಿ ಹಚ್ಚುವಂತಿಲ್ಲ. ನವೆಂಬರ್ 5ರಂದು ಮಧ್ಯರಾತ್ರಿಯ ತನಕ ಬಿಡುತ್ತಾರೆ, ದೀಪಾವಳಿಗಾದರೆ ಒಂದು ಗಂಟೆಯ ತನಕ. ನಮ್ಮ ಹಬ್ಬಕ್ಕೆ ಸಿಕ್ಕ ಆ ಒಂದು ಗಂಟೆ ನನಗೆ ದೊಡ್ಡ ಗೌರವವೆಂದೇ ಕಾಣುತ್ತದೆ.

ಅಜ್ಜಿಯ ಮಾತು ಅರ್ಧ ನಿಜ. ತಂತಿಗೆ ಮೆತ್ತಿದ ಮದ್ದಿನಲ್ಲಿ ಕಬ್ಬಿಣದ ಪುಡಿ, ಅಲ್ಯೂಮಿನಿಯಂ ಪುಡಿ, ಅವು ಉರಿಯಲು ಆಮ್ಲಜನಕ ಒದಗಿಸುವ ಲವಣ ಇರುತ್ತವೆ. ಹಾರುವ ಕಿಡಿ ಎಂದರೆ ಉರಿಯುತ್ತಿರುವ ಲೋಹದ ಒಂದು ಕಣ. ಅದರ ಶಾಖ ಬಹಳ, ಆದರೆ ಅದು ಎಷ್ಟು ಚಿಕ್ಕದೆಂದರೆ ಚರ್ಮಕ್ಕೆ ತಾಗಿದರೂ ಚುರುಕ್ ಎನಿಸಿ ಆರಿಹೋಗುತ್ತದೆ. ತಂತಿಯ ಕಥೆ ಬೇರೆ. ಒಗ್ಗರಣೆಯ ಸಾಸಿವೆ ಸಿಡಿಯುವುದಕ್ಕೂ ಬಾಣಲೆಯನ್ನೇ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಸಾವಿರ ಡಿಗ್ರಿ ದಾಟುವ ಉರಿ ಅದರ ಮೇಲೆಯೇ ಇಳಿದು ಬಂದಿರುತ್ತದೆ, ಬೆಳಕು ನಿಂತ ಮೇಲೂ ಕಾವು ನಿಲ್ಲುವುದಿಲ್ಲ. ಕೆಂಪು ಮಾಸಿ ಕಪ್ಪಾದ ಆ ತಂತಿಯನ್ನು ಕತ್ತಲಲ್ಲಿ ಯಾರು ಗುರುತಿಸುತ್ತಾರೆ?

ನಾವು ಮಾಡುವುದೇನು? ಮುಗಿದ ಕಡ್ಡಿಯನ್ನು ಅಂಗಳಕ್ಕೆ ಎಸೆಯುತ್ತೇವೆ. ಅದೇ ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಹುಡುಗಿಯರಿಗೆ ಹಬ್ಬದ ಲಂಗ, ಅದೂ ಹಲವು ಸಲ ಬೆಂಕಿ ತಾಗಿದರೆ ಕರಗಿ ಮೈಗಂಟುವ ಸಿಂಥೆಟಿಕ್ ಬಟ್ಟೆ. ಒಂದೇ ಕೈಯಲ್ಲಿ ನಾಲ್ಕು ಕಡ್ಡಿ ಸೇರಿಸಿ ಹಚ್ಚುವುದು ಬೇರೆ. ದೀಪಾವಳಿ ಬಂದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಪಟಾಕಿಯಿಂದ ಗಾಯಗೊಂಡವರಿಗಾಗಿ ಸಜ್ಜಾಗಿ ನಿಲ್ಲಬೇಕಾಗುತ್ತದೆ. ಬರುವವರಲ್ಲಿ ಮಕ್ಕಳೇ ಬಹಳ, ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಇರುತ್ತಾರೆ.

ಹಾಗೆಂದು ಇಲ್ಲಿಯದೆಲ್ಲ ನನಗೆ ಒಪ್ಪಿಗೆಯಿಲ್ಲ. ಮೈದಾನದ ದೊಡ್ಡ ಪ್ರದರ್ಶನಗಳಲ್ಲಿ ಸ್ಪಾರ್ಕ್ಲರ್ ತರಬಾರದೆಂದು ಎಷ್ಟೋ ಕಡೆ ಬೋರ್ಡೇ ಹಾಕಿರುತ್ತಾರೆ. ಮಕ್ಕಳು ಹಗ್ಗದ ಆಚೆ ನಿಂತು ಬೇರೆ ಯಾರೋ ಹಚ್ಚಿದ ಬಾಣಬಿರುಸು ನೋಡಿ ಮನೆಗೆ ಹೋಗಬೇಕು. ಹಿರಿಯರ ಪಕ್ಕದಲ್ಲಿ ನಿಂತು, ಬೆಂಕಿಯನ್ನು ತಾನೇ ಹಿಡಿದು, ಅದು ಮುಗಿಯುವ ತನಕ ಕೈ ಚಾಚಿಕೊಂಡೇ ಇರುವುದನ್ನು ಮಗು ಕಲಿಯುವುದು ನಮ್ಮ ಮನೆಗಳಲ್ಲೇ. ಅದನ್ನು ಬಿಡಬಾರದು.

ಬಕೆಟ್ ಒಂದನ್ನು ಮಾತ್ರ ಸೇರಿಸಿಕೊಳ್ಳೋಣ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ ಇದ್ದೇ ಇದೆ. ಹಂಡೆ ತುಂಬುವಾಗ ಇನ್ನೊಂದು ಬಕೆಟ್ಟನ್ನೂ ತುಂಬಿ ಬಾಗಿಲ ಹೊರಗಿಟ್ಟರಾಯಿತು. ಕಡ್ಡಿ ಆರಿದ ಕೂಡಲೇ ಮಗುವೇ ಅದನ್ನು ತಲೆಕೆಳಗು ಮಾಡಿ ನೀರಿಗೆ ಹಾಕಲಿ. ಆ ಚೊಂಯ್ ಸದ್ದು ಮಕ್ಕಳಿಗೆ ಬಲು ಇಷ್ಟ. ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರೂ ಕೆಳಗೆ ಒಂದೇ ಕಡೆ ಸೇರುವುದರಿಂದ ಅಸೋಸಿಯೇಷನ್‌ನವರೇ ನಾಲ್ಕು ಮೂಲೆಗೆ ನಾಲ್ಕು ಬಕೆಟ್ ಇಡಿಸಬಹುದು.