ಕೊನೆಗೌಡರ ಮಗ ಯಾಕೆ ಮರ ಹತ್ತಬೇಕು?

ನಮ್ಮದು ಶಿರಸಿ ಸೀಮೆಯ ಒಂದು ಹಳ್ಳಿ. 2 ಎಕರೆ ಅಡಿಕೆ ತೋಟ ಇದೆ. ನಾನು ಜರ್ಮನಿಯ ಡ್ರೆಸ್ಡೆನ್ ಸೇರಿ 11 ವರ್ಷವಾಯ್ತು. ಕಳೆದ ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, ಎರಡನೇ ಔಷಧಿ ಹೊಡೆಯೋಕೆ ಜನ ಸಿಗ್ತಿಲ್ಲ ಅಂತ. ಮೊದಲ ಸಲ ಹೊಡೆದು 40 ದಿನ ಕಳೆದಿತ್ತು. ಮಳೆ ಬಿಡುತ್ತಿರಲಿಲ್ಲ. ಕೊನೆಗೆ ಕೊಳೆ ರೋಗ ಬಂತು, ಕಾಯಿ ಉದುರಿತು, ಮುಗೀತು.

ನಮ್ಮ ಮನೆಗೆ ಬರುತ್ತಿದ್ದ ಕೊನೆಗೌಡರಿಗೆ, ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆದು ಕೊನೆ (ಅಡಿಕೆ ಗೊನೆ) ಕೊಯ್ಯುವವರಿಗೆ, ಈಗ 57 ವರ್ಷ. ಹಿಂದಿನ ವರ್ಷ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಮರ ಹತ್ತುವುದನ್ನು ಬಿಟ್ಟಿದ್ದಾರೆ. ಮಗ ಬೆಂಗಳೂರಿನಲ್ಲಿ ಗೋದಾಮೊಂದರಲ್ಲಿ ಪಾರ್ಸೆಲ್ ವಿಂಗಡಿಸುತ್ತಾನೆ. ಅವನ ಅಪ್ಪ ಒಂದು ಸೀಸನ್ನಿನಲ್ಲಿ ದುಡಿಯುತ್ತಿದ್ದಷ್ಟು ಅವನಿಗೆ ಅಲ್ಲಿ ಉಳಿಯುವುದಿಲ್ಲ. ಆದರೂ ವಾಪಸ್ ಬರಲ್ಲ ಅಂತಾನೆ. ಊರಿಗೆ ಹೋದಾಗ ನಾನೇ ಅವನನ್ನು ಕೇಳಿದ್ದೆ. ಅವನು ಹೇಳಿದ್ದು ಇಷ್ಟು: "ಮರ ಹತ್ತೋದು ಕಷ್ಟ ಅಂತಲ್ಲ ಅಣ್ಣಾ, 45 ಆದ್ಮೇಲೆ ಏನ್ ಮಾಡ್ಲಿ?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೂಲಿ ಜಾಸ್ತಿ ಮಾಡಿ, ಯಂತ್ರ ತನ್ನಿ, ನೆಲದಿಂದಲೇ ಕೆಲಸ ಮಾಡುವ ಉದ್ದನೆಯ ದೋಟಿ ತನ್ನಿ ಅಂತ ನಾವೆಲ್ಲ ಮಾತಾಡುತ್ತೇವೆ. ದೋಟಿಯಿಂದ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ಹುಡುಗ ಕೇಳಿದ್ದಕ್ಕೆ ಅದು ಉತ್ತರ ಅಲ್ಲ.

ಇಲ್ಲಿ ಡ್ರೆಸ್ಡೆನ್‌ನಲ್ಲಿ ನಮ್ಮ ಮೇಲಿನ ಮನೆಯ ಹುಡುಗಿ ತೋಟದ ಕೆಲಸ ಕಲಿಯುತ್ತಿದ್ದಾಳೆ. 19 ವರ್ಷ. ಸಸಿ ಮತ್ತು ಮರಗಳನ್ನು ಬೆಳೆಸಿ ಮಾರುವ ಒಂದು ನರ್ಸರಿಯ ಜೊತೆ ಅವಳಿಗೆ 3 ವರ್ಷದ ಒಪ್ಪಂದ ಆಗಿದೆ. ಇದಕ್ಕೆ ಔಸ್‌ಬಿಲ್ಡುಂಗ್ ಅನ್ನುತ್ತಾರೆ. ಜಾಸ್ತಿ ದಿನ ನರ್ಸರಿಯಲ್ಲಿ ಕೆಲಸ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಪಾಠ. ಕಲಿಯುವಾಗಲೇ ಸಂಬಳ ಬರುತ್ತದೆ. ಇದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 2020ರಿಂದ ಕಾನೂನೇ ಇದೆ. ಆಗ ಮೊದಲ ವರ್ಷದವರಿಗೆ ತಿಂಗಳಿಗೆ 515 ಯೂರೋ ಇತ್ತು, 2025ರಲ್ಲಿ 682 ಆಯ್ತು. ದೊಡ್ಡ ದುಡ್ಡೇನಲ್ಲ. ಆದರೆ ಮನೆಯವರು ಫೀಸು ಕಟ್ಟಬೇಕಾಗಿಲ್ಲ, ಅದು ದೊಡ್ಡದು.

'ಗೆರ್ಟ್ನರ್', ಅಂದರೆ ತೋಟಗಾರ, ಎನ್ನುವ ಒಂದೇ ಕಸುಬಿನಲ್ಲಿ ಇಲ್ಲಿ 7 ಕವಲು. ಹಣ್ಣು, ತರಕಾರಿ, ಹೂವು ಮತ್ತು ಅಲಂಕಾರದ ಗಿಡ, ಮರಗಳ ನರ್ಸರಿ, ವರ್ಷ ವರ್ಷವೂ ಚಿಗುರುವ ಹೂಗಿಡಗಳು, ಪಾರ್ಕು-ಅಂಗಳ ಕಟ್ಟುವ ಕೆಲಸ, ಕೊನೆಗೆ ಸ್ಮಶಾನದ ತೋಟ. ಹೌದು, ಸಮಾಧಿಗಳ ಮೇಲೆ ಋತುವಿಗೆ ತಕ್ಕಂತೆ ಗಿಡ ನೆಟ್ಟು ನೋಡಿಕೊಳ್ಳುವುದಕ್ಕೂ 3 ವರ್ಷದ ಕಲಿಕೆ ಇದೆ. ಈ ಹುಡುಗಿ ಮಾಡಿದ ಕೆಲಸವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ಮೆಟ್ಟಿಲ ಮೇಲೆ ಕೂತು ಚೀಟಿ ಹಿಡಿದು ಗಿಡಗಳ ಲ್ಯಾಟಿನ್ ಹೆಸರು ಬಾಯಿಪಾಠ ಮಾಡುತ್ತಾಳೆ. ಪರೀಕ್ಷೆಯಲ್ಲಿ ಎದುರಿಗೆ ರೆಂಬೆ ಇಟ್ಟು ಇದು ಯಾವುದು ಅಂತ ಕೇಳುತ್ತಾರಂತೆ.

ಇದರಾಚೆಗೂ ದಾರಿ ಇದೆ. ಪಾಸಾಗಿ ಕೆಲವು ವರ್ಷ ಕೆಲಸ ಮಾಡಿದವರು ಮೈಸ್ಟರ್ ಪರೀಕ್ಷೆ ಬರೆಯಬಹುದು. ಮೈಸ್ಟರ್ ಆದವರು ಬೇರೆಯವರಿಗೆ ಕಲಿಸುತ್ತಾರೆ, ನರ್ಸರಿ ನಡೆಸುತ್ತಾರೆ. ಆ ಅರ್ಹತೆಯನ್ನು ಇಲ್ಲಿನ ಸರ್ಕಾರ ಬ್ಯಾಚುಲರ್ ಡಿಗ್ರಿಯ ಮಟ್ಟದಲ್ಲೇ ಇಟ್ಟಿದೆ. ಬೇಕಾದರೆ ವಿಶ್ವವಿದ್ಯಾಲಯಕ್ಕೂ ಸೇರಬಹುದು. ಅಂದರೆ 45ಕ್ಕೆ ಬೆನ್ನು ಸೋತರೂ ಕಲಿತ ವಿದ್ಯೆ ವ್ಯರ್ಥವಾಗುವುದಿಲ್ಲ.

ನಮ್ಮ ನಾಡಿಗೂ ಈ ದಾರಿಯಲ್ಲಿ ಬಂದ ಒಬ್ಬರಿದ್ದರು ಗೊತ್ತಾ? ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್. ಅವರು 1865ರಲ್ಲಿ ಹುಟ್ಟಿದ ಲೋಮೆನ್ ಊರು ಡ್ರೆಸ್ಡೆನ್‌ಗೆ ಹತ್ತಿರ. ಕಲಿತದ್ದು ಇಲ್ಲೇ ಪಿಲ್ನಿಟ್ಸ್‌ನಲ್ಲಿ. ಆಮೇಲೆ ಹ್ಯಾಂಬರ್ಗ್, ಲಂಡನ್, ಕ್ಯೂ ಉದ್ಯಾನ, ಬರೋಡಾ, 1908ರಲ್ಲಿ ಬೆಂಗಳೂರು. ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಮರ ನೆಡಿಸಿದರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಪಿಲ್ನಿಟ್ಸ್‌ಗೆ ನಾನು ಆಗಾಗ ಹೋಗುತ್ತೇನೆ. ಅಲ್ಲಿ 200 ವರ್ಷಕ್ಕೂ ಹಳೆಯ ಕ್ಯಾಮೆಲಿಯಾ ಮರ ಇದೆ. ಚಳಿಗಾಲ ಬಂತೆಂದರೆ ಹಳಿಯ ಮೇಲೆ ಒಂದು ಇಡೀ ಗಾಜಿನ ಮನೆಯನ್ನೇ ಸರಿಸಿಕೊಂಡು ಬಂದು ಅದಕ್ಕೆ ಹೊದಿಸುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ನಮ್ಮ ಕಡೆ ಅಡಿಕೆ ಕೊನೆಗೆ ಮಳೆ ತಾಗದಂತೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುತ್ತಿದ್ದವರು ನೆನಪಾಗುತ್ತಾರೆ. ಅದೂ ಅಷ್ಟೇ ಕಾಳಜಿಯ ಕೆಲಸ. 50 ಅಡಿ ಮೇಲೆ, ಕಾಲಿಗೆ ಹಾಕುವ ಬಳೆಯಂಥ ಒಂದು ತಳೆಯ ಮೇಲೆ ನಿಂತು.

ನಮ್ಮಲ್ಲಿ ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಶಿರಸಿಯಲ್ಲೇ ಅದರ ಕಾಲೇಜಿದೆ. 4 ವರ್ಷದ ಬಿಎಸ್ಸಿ ಓದಿದ ಎಷ್ಟೋ ಮಕ್ಕಳು ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆಗೋ ಇಲಾಖೆಯ ಪರೀಕ್ಷೆಗೋ ಕೂರುತ್ತಾರೆ. ಅದು ಅವರ ಆಯ್ಕೆ, ತಪ್ಪಲ್ಲ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ಕೊಡುತ್ತದೆ, ಒಳ್ಳೆಯದೇ. ಆದರೆ ಸ್ವಂತ ಜಮೀನೇ ಇಲ್ಲದ, ಬೇರೆಯವರ ಮರ ಹತ್ತುವ ಮನೆಯ ಹುಡುಗ ಯಾವ ಬಾಗಿಲು ತಟ್ಟಬೇಕು? ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಹತ್ತುವವರಿಗೆ 6 ದಿನದ ತರಬೇತಿ ಶುರು ಮಾಡಿತು, ಹತ್ತುವ ಯಂತ್ರವನ್ನೂ ಕೊಟ್ಟಿತು. 6 ದಿನದಲ್ಲಿ ಹತ್ತುವುದು ಬರುತ್ತದೆ. ಮುಂದಿನ 30 ವರ್ಷದ ದಾರಿ ಸಿಗುವುದಿಲ್ಲ.

ಇನ್ನು ಕೆಲಸ ಬಲ್ಲವರು ನಮ್ಮಲ್ಲಿ ಎಷ್ಟಿದ್ದಾರೆ ನೋಡಿ. ರಾಣೆಬೆನ್ನೂರು ಕಡೆ ಹೆಣ್ಣುಮಕ್ಕಳು ಬೀಜದ ಬೆಳೆಯಲ್ಲಿ ಒಂದೊಂದು ಮೊಗ್ಗನ್ನೂ ಬಿಡಿಸಿ, ಗಂಡು ಭಾಗ ತೆಗೆದು, ಕೈಯಿಂದ ಪರಾಗ ಹಚ್ಚುತ್ತಾರೆ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ಚಾಟ್ನಿ ಮಾಡುವವರು, ಅಂದರೆ ಬಳ್ಳಿ ಸವರುವವರು, ಎಷ್ಟು ಕಣ್ಣು (ಚಿಗುರುವ ಗಿಣ್ಣು) ಉಳಿಸಿ ಕತ್ತರಿಸಬೇಕು ಅಂತ ಬಳ್ಳಿ ನೋಡಿಯೇ ಹೇಳುತ್ತಾರೆ. ಈ ವಿದ್ಯೆಗೆ ಇಲ್ಲಿ 3 ವರ್ಷ ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ನಮ್ಮಲ್ಲಿ ಅವರ ಹೆಸರು ಮಸ್ಟರ್ ರೋಲಿನಲ್ಲಿ 'ಕೂಲಿ' ಅಂತ ಇರುತ್ತದೆ.

ಜರ್ಮನಿಯದ್ದನ್ನು ಹಾಗೇ ಎತ್ತಿ ತರಬೇಕು ಅಂತ ನಾನು ಹೇಳುವುದಿಲ್ಲ. ಇಲ್ಲಿನ ತೋಟಗಾರರಿಗೂ ಸಂಬಳ ಬೇರೆ ಕಸುಬುಗಳಿಗಿಂತ ಕಡಿಮೆಯೇ, ಕಲಿಯುವವರು ಸಿಗದೆ ಜಾಗ ಖಾಲಿ ಉಳಿಯುವುದೂ ಇದೆ. ಕಾಗದಪತ್ರ ಬೇರೆ ಜಾಸ್ತಿ. ಆದರೆ ಇಲ್ಲಿಯ ಒಂದು ನಿಯಮ ಮಾತ್ರ ನಮಗೆ ನಾಳೆಯೇ ಬೇಕು. ವೃತ್ತಿ ಶಾಲೆಗೇ ಹೋಗದೆ ಕೆಲಸ ಮಾಡುತ್ತಾ ಕಲಿತವರು, ಕಲಿಕೆಯ ಅವಧಿಯ ಒಂದೂವರೆ ಪಟ್ಟು ಕಾಲ, ಅಂದರೆ 3 ವರ್ಷದ ಕಸುಬಿಗೆ ನಾಲ್ಕೂವರೆ ವರ್ಷ ದುಡಿದಿದ್ದೇನೆ ಅಂತ ತೋರಿಸಿದರೆ, ನೇರವಾಗಿ ಅದೇ ಕೊನೆಯ ಪರೀಕ್ಷೆಗೆ ಕೂರಬಹುದು. ಬೇರೆ ಪರೀಕ್ಷೆ ಅಲ್ಲ, ಕಡಿಮೆ ದರ್ಜೆಯ ಸರ್ಟಿಫಿಕೇಟೂ ಅಲ್ಲ. ಮೇಲಿನ ಮನೆ ಹುಡುಗಿ ಬರೆಯುವುದನ್ನೇ ಅವರೂ ಬರೆಯುತ್ತಾರೆ. ನಮ್ಮ ಕೌಶಲ ವಿಕಾಸ ಯೋಜನೆಯಲ್ಲೂ ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶ ಇದೆ. ಆದರೆ ಆ ಪತ್ರ ಹಿಡಿದು ಮುಂದಿನ ಮೆಟ್ಟಿಲು ಹತ್ತುವಂತಿರಬೇಕು. ಸುಮ್ನೆ ಗೋಡೆಗೆ ನೇತುಹಾಕೋಕೆ ಅಲ್ಲ.

ಹಾಗಾಗಿ ನನ್ನ ಕೋರಿಕೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರ ಸಂಘಗಳಿಗೆ, ತೋಟಗಾರಿಕೆ ಕಾಲೇಜಿಗೆ. ಅಡಿಕೆ ಕಸುಬಿಗೆ ಒಂದು ಪರೀಕ್ಷೆ ಶುರು ಮಾಡಿ. ಕೊಳೆ ಔಷಧಿಗೆ ಮೈಲುತುತ್ತು, ಸುಣ್ಣ ಎಷ್ಟಕ್ಕೆಷ್ಟು, ಹದ ಬಂದಿದೆಯಾ ಅಂತ ನೋಡುವುದು ಹೇಗೆ, ಕೊಳೆ ಮೊದಲು ಎಲ್ಲಿ ಕಾಣಿಸುತ್ತದೆ, ಮರದಿಂದ ಮರಕ್ಕೆ ದಾಟುವಾಗ ಹಗ್ಗ ಎಲ್ಲಿರಬೇಕು, ಎಲ್ಲ ಇರಲಿ. ಪಾಸಾದವರಿಗೆ ವಿಮೆ ಕಡ್ಡಾಯವಾಗಿರಲಿ. 10 ವರ್ಷ ಕೆಲಸ ಮಾಡಿದವರಿಗೆ ಕಲಿಸುವವರ ಹುದ್ದೆ ಇರಲಿ, ತಿಂಗಳ ಸಂಬಳದ ಹುದ್ದೆ.

ಪರೀಕ್ಷೆ ಮಾಡುವವರು ಯಾರು ಅಂತ ಕೇಳಬಹುದು. ಇಲ್ಲಿ ಪರೀಕ್ಷಾ ಮಂಡಳಿಯಲ್ಲಿ ಮಾಲೀಕರ ಕಡೆಯವರು ಎಷ್ಟು ಜನ ಇರುತ್ತಾರೋ ಕೆಲಸಗಾರರ ಕಡೆಯವರೂ ಅಷ್ಟೇ ಇರುತ್ತಾರೆ, ಜೊತೆಗೆ ವೃತ್ತಿ ಶಾಲೆಯ ಮೇಷ್ಟ್ರು. ನಮ್ಮಲ್ಲೂ ಹಾಗೇ ಮಾಡಬಹುದು. ನಮ್ಮ ಮನೆಗೆ ಬರುತ್ತಿದ್ದ ಕೊನೆಗೌಡರು ಈಗ ಜಗಲಿಯಲ್ಲಿ ಕೂತು ತೋಟ ನೋಡುತ್ತಾರೆ. ಯಾರಾದರೂ ಹೊಸಬ ಮರ ಹತ್ತಿದರೆ, ಅವನು ಮೊದಲ ಎರಡು ಹೆಜ್ಜೆ ಇಟ್ಟ ಕೂಡಲೇ ತಳೆ ಸಡಿಲ ಇದೆ, ಇಳಿ ಅಂತ ಕೂಗುತ್ತಾರೆ.