ಗೂಬಿ ನಿಮಗ ಏನ್ ಮಾಡಿತ್ರೀ?

ಮುಂಜಾನಿಯಿಂದ ತಲಿ ಕೆಟ್ಟೈತಿ, ಬರೀದಿದ್ರ ನಿದ್ದಿ ಬರಂಗಿಲ್ಲ. ನಮ್ಮ ಓಣಿ ಗೊತ್ತಲ್ಲ ನಿಮಗ, ಗಂಗಾವತಿಯಾಗ ರೈಸ್ ಮಿಲ್ಲಿನ ಹಿಂದಿಂದು. ಅಲ್ಲಿ ಬಾಜೂಮನಿ ಹಳೇ ಗೋಡಿ ಕಿಂಡಿಯೊಳಗ ಬಿಳಿ ಗೂಬಿ ಮರಿ ಮಾಡಿತ್ತು. ಹೋದ ತಿಂಗಳು ಆ ಮನಿ ಅಜ್ಜಾರು ತೀರ್ಕೊಂಡ್ರು. ವಯಸ್ಸಾಗಿತ್ತು, ಹಾರ್ಟ್ ವೀಕ್ ಇತ್ತು, ಆಸ್ಪತ್ರಿಗೆ ಓಡಾಡಿದ್ದು ಓಣಿಗೆಲ್ಲ ಗೊತ್ತು. ಆದ್ರೂ ಇವತ್ತ ಗೌಂಡಿನ ಕರೆಸಿ, ಮರಿ ಒಳಗ ಇದ್ದಂಗನ ಕಿಂಡಿಗೆ ಇಟ್ಟಂಗಿ ಇಟ್ಟು ಸಿಮೆಂಟ್ ಮೆತ್ತಸಾಕತ್ತಿದ್ರು! "ಕಾಕಾ, ಒಳಗ ಜೀವ ಅದಾವ್ರೀ" ಅಂದ್ರ "ನಿನಗ ತಿಳಿಯಂಗಿಲ್ಲ ತಮ್ಮಾ, ಅದು ಬಂದು ಕುಂತ ಮ್ಯಾಲೇ ನಮ್ಮಪ್ಪ ಹೋಗಿದ್ದು" ಅಂದ್ರು. ಜಗಳಾನ ಆತು. ಕಡೀಕ ಗೌಂಡಿ ತಾನ ಕರಣಿ ಕೆಳಗಿಟ್ಟು "ಮರಿ ಮ್ಯಾಲ ನಾ ಮೆತ್ತಂಗಿಲ್ರೀ" ಅಂತ ಹೋಗಿಬಿಟ್ಟ. ಆ ಮನುಷ್ಯಾಗ ಕೈ ಮುಗಿತೀನಿ.

ಹೆದರಿಕಿ ಆಗೂದು ಸುಳ್ಳು ಅಂತ ನಾ ಹೇಳಂಗಿಲ್ಲ. ಗೂಬಿ ಮಾರಿ ಬ್ಯಾರೇನ ಐತಿ, ಬೆಳ್ಳಗ, ಚಪ್ಪಟಿ, ನಡುವ ಎರಡು ಕರೀ ಕಣ್ಣು. ಹಾರಿದ್ರ ರೆಕ್ಕಿ ಸಪ್ಪಳಾನ ಇಲ್ಲ, ತಲಿ ಮ್ಯಾಲಿಂದ ಹಾದುಹೋದ ಮ್ಯಾಲೇ ಗೊತ್ತಾಗೂದು. ಮರಿಗಳು ರಾತ್ರಿ ಪೂರ್ತಿ ಹಾವಿನಂಗ ಬುಸುಗುಡ್ತಾವು. ದೊಡ್ಡದು ಒಮ್ಮೆ ಚೀರಿದ್ರ ಮಲಗಿದ್ದ ಕೂಸು ಎದ್ದು ಅಳ್ತೈತಿ. ನನಗೂ ಎದಿ ಝಲ್ ಅಂತೈತಿ. ನಮ್ಮವ್ವ ತೀರ್ಕೊಂಡ ರಾತ್ರಿ ಬೇವಿನ ಗಿಡದಾಗ ಹಾಲಕ್ಕಿ, ಅಂದ್ರ ಸಣ್ಣ ಜಾತಿ ಗೂಬಿ, ಕೂಗಿತ್ತು, ಅದರ ದನಿ ಇವತ್ತಿಗೂ ಕಿವಿಯಾಗ ಐತಿ, ಇದನ್ನ ಇಲ್ಲಿ ಯಾವತ್ತೂ ಬರದಿಲ್ಲ ನಾನು. ಆದ್ರ ಅವ್ವಗ ಜಡ್ಡಾದಾಗಿಂದ ನಮ್ಮ ಅಂಗಳದ ಲೈಟ್ ರಾತ್ರಿ ಪೂರ್ತಿ ಉರೀತಿತ್ತು, ಲೈಟಿಗೆ ಹುಳ ಮುಕುರ್ತಿದ್ವು, ಹುಳ ತಿನ್ನಾಕ ಹಾಲಕ್ಕಿ ಬರ್ತಿತ್ತು, ದಿನಾ ಕೂಗ್ತಿತ್ತು. ಜಡ್ಡಿನವರು ಇರೂ ಮನಿಯಾಗಲ್ದ ಇನ್ಯಾರ ಮನಿಯಾಗ ರಾತ್ರಿಯೆಲ್ಲ ದೀಪ ಉರೀತೈತ್ರೀ? ಅವ್ವ ಆರಾಮ ಇದ್ದ ರಾತ್ರಿ ಕೂಗಿದ್ದನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ, ತೀರ್ಕೊಂಡ ರಾತ್ರಿ ಕೂಗಿದ್ದನ್ನ ಇಡೀ ಬಳಗ ಹೇಳ್ಕೊಂತ ತಿರುಗ್ತು.

"ನಿಮ್ಮನಿ ಕಿಂಡಿಯಾಗ ಇದ್ರ ಗೊತ್ತಾಗ್ತಿತ್ತು, ವಾಸನಿ, ಹೊಲಸು" ಅಂತ ಒಬ್ರು ಅಂದ್ರು. ಹೌದ್ರೀ, ವಾಸನಿ ಇರ್ತೈತಿ, ಗೋಡಿ ಮ್ಯಾಲ ಬೆಳ್ಳಗ ಇಳಿದಿರ್ತೈತಿ. ಮೊಟ್ಟಿ ಒಡದು ಹೊರಗ ಬಂದ ಮರಿ ಎರಡು ತಿಂಗಳಿಗೆ ಹಾರಿಹೋಗ್ತಾವು, ಆಮ್ಯಾಲ ಬಾಯಿಗೆ ಅರಬಿ ಕಟ್ಕೊಂಡು ತೊಳೀರಿ, ಜಾಳಗಿ ಹೊಡೀರಿ, ಯಾರು ಬ್ಯಾಡಂದ್ರು? ವಾಸನಿಗೆ ಸಿಮೆಂಟ್ ಔಷಧ ಏನು?

ಆ ಕಿಂಡಿ ಕೆಳಗ ಕರ್ರಗ ಉಂಡಿ ಬಿದ್ದಿರ್ತಾವು. ಅದನ್ನ ನೋಡಿ "ಯಾರೋ ಮಾಟ ಮಾಡ್ಯಾರ" ಅಂತ ನಿಂಬಿಹಣ್ಣು ಇಳಿಸಿದ್ರು ಆ ಮನಿಯವರು. ಒಂದನ್ನ ಕಡ್ಡಿಲೆ ಬಿಡಿಸಿ ತೋರಿಸಿದೆ ನಾನು. ಬೂದು ಕೂದಲ ಸರಿಸಿದ್ರ ಹೆಬ್ಬಟ್ಟಿನಷ್ಟು ಇಲಿ ತಲಿಬುರುಡಿ, ಮುಂದ ಎರಡು ಹಳದಿ ಹಲ್ಲು ಹಂಗ ಅದಾವು. ಇಲಿನ ಇಡಿಯಾಗಿ ನುಂಗಿ, ಅರಗದ ಎಲುಬು ಕೂದಲನ್ನ ಉಂಡಿ ಮಾಡಿ ಕಕ್ಕತೈತಿ ಗೂಬಿ, ಅಷ್ಟ.

ನಾವಿರೂದು ತುಂಗಭದ್ರಾ ಎಡದಂಡಿ ಕಾಲುವಿ ಭತ್ತದ ನಾಡಿನಾಗ. ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲಿ ಹೋದ್ರೂ ಬದುವಿನ ತುಂಬ ಹೆಗ್ಗಣದ ಬಿಲ, ಮಿಲ್ಲಿನ ಚೀಲಕ್ಕೆಲ್ಲ ತೂತು. ಮಲೇಷ್ಯಾದಾಗ, ಇಸ್ರೇಲ್‌ನಾಗ ರೈತರು ಕಟಗಿ ಪೆಟಗಿ ಕಟ್ಟಿ ಈ ಬಿಳಿ ಗೂಬಿನ ಹೊಲಕ್ಕ ಕರಕೊಂತಾರ. ನಾವು ತಾನಾಗೇ ಬಂದಿದ್ದನ್ನ ಕಲ್ಲು ಹೊಡದು ಓಡಿಸಿ, ಗೊಬ್ಬರದ ಅಂಗಡಿಗೆ ಹೋಗಿ ಇಲಿ ಪಾಷಾಣ ತರ್ತೀವಿ. ಆ ಪಾಷಾಣ ತಿಂದ ಇಲಿನ ತಿಂದು ಉಳಿದ ಗೂಬಿನೂ ಸಾಯ್ತಾವು. ದೀಪಾವಳಿ ಬಂದ್ರಂತೂ ಮಾಟಕ್ಕ ಅಂತ ಹಿಡದು ಮಾರೂ ಮಂದಿ ಬ್ಯಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಬಿ ಹಿಡಿಯೂದು ಕೊಲ್ಲೂದು ಅಪರಾಧ, ಅದನ್ನೂ ಕಾಕಾಗ ಹೇಳೀನಿ, ಸಿಟ್ಟಾಗ್ಯಾರ, ಆಗಲಿ.

ಹಬ್ಬಕ್ಕ ಸುಣ್ಣ ಬಣ್ಣ, ರಿಪೇರಿ ಮಾಡ್ಸೋರು ಕಿಂಡಿ ಮುಚ್ಚೂಕಿಂತ ಮೊದ್ಲ ಟಾರ್ಚ್ ಬಿಟ್ಟು ಒಳಗ ನೋಡ್ರಿ. ಮರಿ ಇದ್ರ ಅವು ಹಾರಿಹೋಗೂತನಕ ತಡೀರಿ, ತಡಿಯಾಕ ಆಗಂಗಿಲ್ಲ ಅಂದ್ರ ಅರಣ್ಯ ಇಲಾಖೆಯವರಿಗೆ ಫೋನ್ ಮಾಡ್ರಿ, ಅಥವಾ ನನ್ನನ್ನ ಕರೀರಿ, ನಾನೇ ಬಂದು ಮನಿಯವರ ಕೂಡ ಮಾತಾಡ್ತೀನಿ.